ಹುಟ್ಟಿಗೆ ಕಿವಿಗೊಟ್ಟು

ಮೊದಲು ಕಿವಿಗೆ ಬಿದ್ದದ್ದು ಒಗ್ಗರಣೆಯ ಸದ್ದು. ಎಣ್ಣೆ ಕಾದು ಸಾಸಿವೆ ಸಿಡಿಯತೊಡಗಿದಾಗ ಬರುವ ಚಟಪಟ. ಸುತ್ತ ಇದ್ದದ್ದು ಮಾತ್ರ ಹಾಲು ಬೆರೆಸಿದಂಥ ಬೂದುಹಸಿರು ನೀರು, ಅದರ ಮೇಲೆ ತೇಲುವ ಮಂಜುಗಡ್ಡೆಯ ಚೂರುಗಳು, ಸಣ್ಣಗೆ ಹನಿಯುವ ಮಳೆ. ಜುಲೈ ತಿಂಗಳ ಕೊನೆಯ ವಾರ. ಆದರೂ ನೀರಿಗೆ ಅದ್ದಿದ ಬೆರಳು ನೋಡನೋಡುತ್ತಲೇ ಮರಗಟ್ಟುತ್ತಿತ್ತು. ನಮ್ಮನ್ನು ಕರೆತಂದಿದ್ದ ಪುಟ್ಟ ಹಡಗು ಬಹಳ ಹಿಂದೆ ಉಳಿದಿತ್ತು. ಅದರ ಅಟ್ಟದಿಂದ ಇಳಿಸಿದ, ಇಬ್ಬರು ಕೂರುವ ಉದ್ದನೆಯ ಕಯಾಕಿನಲ್ಲಿ ಮುಂದೆ ನಾನು, ಹಿಂದೆ ಮಾರ್ಗದರ್ಶಿ. “ಹುಟ್ಟಿನ ಒಂದು ತುದಿ ನೀರಲ್ಲಿ ಅದ್ದಿ. ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಳ್ಳಿ” ಅಂದರು. ಮರದ ಹುಟ್ಟು. ಒತ್ತಿಕೊಂಡೆ. ಗಾಳಿಯಲ್ಲಿ ಸಾಸಿವೆಯಷ್ಟಿದ್ದ ಸದ್ದು ತಲೆಬುರುಡೆಯೊಳಗೆ ತಗಡಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆಯಾಯಿತು.

ನಾವಿದ್ದದ್ದು ಅಲಾಸ್ಕದ ಆಗ್ನೇಯ ಕರಾವಳಿಯ ಗ್ಲೇಷಿಯರ್ ಬೇ ಎಂಬ ಕೊಲ್ಲಿಯಲ್ಲಿ, ಅದರ ಪಶ್ಚಿಮ ಕವಲಿನ ಒಳಮೂಲೆಯಾದ ಜಾನ್ಸ್ ಹಾಪ್ಕಿನ್ಸ್ ಫಿಯೋರ್ಡಿನಲ್ಲಿ. ಹಿಮನದಿ ಕೊರೆದ ಕಣಿವೆಗೆ ಆಮೇಲೆ ಕಡಲು ನುಗ್ಗಿದರೆ ಅದು ಫಿಯೋರ್ಡ್. ಎರಡೂ ಕಡೆ ನೆಟ್ಟಗೆ ಎದ್ದ ಬೋಳು ಕಲ್ಲುಗೋಡೆ. ತುದಿಯಲ್ಲಿ, ಫೇರ್‌ವೆದರ್ ಬೆಟ್ಟಸಾಲಿನಿಂದ ಇಳಿದು ಬಂದು ಸಮುದ್ರಕ್ಕೆ ಕಾಲಿಟ್ಟ ಹಿಮನದಿ. 1794ರಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರನ ತಂಡದ ಜೋಸೆಫ್ ವಿಡ್ಬಿ ಈ ದಾರಿಯಾಗಿ ಬಂದಾಗ ಇಲ್ಲಿ ಕೊಲ್ಲಿ ಎಂದು ಕರೆಯುವಂಥದ್ದೇ ಇರಲಿಲ್ಲ. ಕರೆಯಲ್ಲಿ ಎಂಟು ಕಿಲೋಮೀಟರಿನಷ್ಟು ಒಂದು ತಗ್ಗು, ಅದರಾಚೆ ಮಂಜಿನ ಗೋಡೆ, ಅಷ್ಟೇ. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ಇಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಮರದ ದೋಣಿಯಲ್ಲಿ ಕೂತು ಬರುವ ಹೊತ್ತಿಗೆ ಆ ಗೋಡೆ 60 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿತ್ತು. 1916ರಲ್ಲಿ ಸಸ್ಯವಿಜ್ಞಾನಿ ವಿಲಿಯಂ ಕೂಪರ್ ಇಲ್ಲಿಗೆ ಬಂದಾಗ ಅದು ಕೊಲ್ಲಿಯ ಬಾಯಿಂದ ಸುಮಾರು 105 ಕಿಲೋಮೀಟರ್ ಒಳಗಿತ್ತು. ನಾವು ಹುಟ್ಟು ಹಾಕುತ್ತಿದ್ದ ನೀರು ಇನ್ನೂರು ವರ್ಷದ ಹಿಂದೆ ನೀರೇ ಆಗಿರಲಿಲ್ಲ.

ಮಂಜಿನ ಈ ಓಡಾಟವನ್ನು ಬರೆದಿಟ್ಟವರಿಗಿಂತ ಮೊದಲೇ ಕಂಡವರು ಹೂನಾ ಟ್ಲಿಂಗಿಟ್ ಜನ. ಮಂಜು ಬರುವ ಮೊದಲು ಇಲ್ಲಿ ಹುಲ್ಲು ಬೆಳೆದ ಕಣಿವೆ, ಸಾಲ್ಮನ್ ಮೀನಿನ ಹೊಳೆ, ಅವರ ಹಳ್ಳಿಗಳು ಇದ್ದವು. ಏಕಾಂತದಲ್ಲಿ ಕೂರಿಸಿದ್ದ ಹುಡುಗಿಯೊಬ್ಬಳು ಹಿಮನದಿಯನ್ನು ಹೆಸರು ಹಿಡಿದು ಕರೆದಳು, ಅದು ಎದ್ದು ಬಂತು, ಜನ ದೋಣಿ ಹತ್ತಿ ಊರು ಬಿಟ್ಟರು ಎಂದು ಅವರ ಕಥೆ. ನಾಯಿ ಓಡುವ ವೇಗದಲ್ಲಿ ಮಂಜು ಬಂತು ಎಂದೂ ಹಿರಿಯರು ಹೇಳುತ್ತಾರೆ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಹಿಮನದಿ ರಭಸವಾಗಿ ಮುಂದೊತ್ತಿ ಬಂದದ್ದನ್ನು ಭೂವಿಜ್ಞಾನವೂ ಒಪ್ಪುತ್ತದೆ. ಈ ಕೊಲ್ಲಿಗೆ ಅವರಿಟ್ಟ ಹೆಸರಿನ ಅರ್ಥ ‘ಹಿಮನದಿ ಇದ್ದ ಜಾಗದ ಕೊಲ್ಲಿ’. ಕೊಲ್ಲಿಯ ಬಾಯಲ್ಲಿರುವ ಬಾರ್ಟ್‌ಲೆಟ್ ಕೋವ್‌ನಲ್ಲಿ 2016ರಲ್ಲಿ ಅವರ ಕುಲಗಳ ಹೊಸ ಮನೆ ಎದ್ದಿತು. ಪ್ರವಾಸದ ಮೊದಲ ದಿನ ಅದರ ಕೆತ್ತನೆಯ ಮುಂದೆ ನಿಂತಾಗ ನನಗೆ ಅನ್ನಿಸಿದ್ದು ಇಷ್ಟು: ಮಂಜಿಗೆ ಕಿವಿಯಿದೆ, ಕರೆದರೆ ಬರುತ್ತದೆ ಎಂದು ನಂಬಿದವರು, ಈ ಜಾಗ ಶಬ್ದದಿಂದ ಬದುಕುವ ಜಾಗ ಎಂಬುದನ್ನು ನಮಗಿಂತ ಮೊದಲೇ ಬಲ್ಲವರು.

ಈಗ ಆ ಚಟಪಟಕ್ಕೆ ಬರೋಣ. ಬೆಟ್ಟದ ಮೇಲೆ ಬಿದ್ದ ಹಿಮ ಹತ್ತಿಯಂತೆ ಸಡಿಲ. ಅದರ ಎಳೆಗಳ ನಡುವೆ ತುಂಬ ಗಾಳಿ. ವರ್ಷದ ಮೇಲೆ ವರ್ಷ ಹಿಮ ಬಿದ್ದು ತೂಕ ಏರಿದಂತೆ ಕೆಳಗಿನದು ಒತ್ತಿ ಗಟ್ಟಿಯಾಗುತ್ತದೆ. ಒಂದು ಹಂತದಲ್ಲಿ ಗಾಳಿಗೆ ಹೊರದಾರಿ ಮುಚ್ಚಿ, ಅದು ಗುಳ್ಳೆಗಳಾಗಿ ಮಂಜಿನೊಳಗೆ ಸಿಕ್ಕಿಬೀಳುತ್ತದೆ. ಮೇಲಿನ ಭಾರ ಇನ್ನೂ ಏರುತ್ತಲೇ ಇರುವುದರಿಂದ ಗುಳ್ಳೆಯೊಳಗಿನ ಒತ್ತಡವೂ ಏರಿ ಹೊರಗಿನ ಗಾಳಿಯ ಹಲವು ಪಟ್ಟಾಗುತ್ತದೆ. ಕೆಲವೆಡೆ ಇಪ್ಪತ್ತು ಪಟ್ಟಿನವರೆಗೂ. ಫೇರ್‌ವೆದರ್ ಸಾಲಿನ ಹಿಮನದಿಗಳು ಮೋಟು ಮತ್ತು ಕಡಿದು. ಹಿಮ ಬಹಳ ಬೀಳುತ್ತದೆ, ಬೇಗ ಹರಿಯುತ್ತದೆ. ಆದ್ದರಿಂದ ಇಲ್ಲಿ ಕಡಲಿಗೆ ಬರುವ ಮಂಜು ಅಂಟಾರ್ಕ್ಟಿಕದ್ದರಂತೆ ಲಕ್ಷಗಟ್ಟಲೆ ವರ್ಷದ್ದಲ್ಲ, ಹೆಚ್ಚೆಂದರೆ ಕೆಲವು ನೂರು ವರ್ಷದ್ದು. ನನ್ನ ಹುಟ್ಟಿನ ಪಕ್ಕ ಸಿಡಿದ ಗುಳ್ಳೆಯಲ್ಲಿ ಇದ್ದದ್ದು ಬಹುಶಃ ನನ್ನ ಮುತ್ತಜ್ಜನ ಕಾಲದ ಗಾಳಿ.

ತೇಲುವ ಗಡ್ಡೆ ಕರಗುತ್ತ ಬಂದಾಗ ಗುಳ್ಳೆಯ ಮೇಲಿನ ಗೋಡೆ ತೆಳುವಾಗಿ ಒಡೆಯುತ್ತದೆ. ಅಷ್ಟು ಕಾಲ ಅದುಮಿಟ್ಟ ಗಾಳಿ ನೀರಿಗೆ ಚಿಮ್ಮುತ್ತದೆ. ಚಿಮ್ಮಿದ ಗುಳ್ಳೆ ಉಬ್ಬಿ ಕುಗ್ಗಿ ಮತ್ತೆ ಉಬ್ಬಿ ಗಂಟೆಯಂತೆ ಮಿಡಿಯುತ್ತದೆ. ಗುಳ್ಳೆಯ ಗಾತ್ರಕ್ಕೂ ಅದರ ಸ್ವರಕ್ಕೂ ಇರುವ ಲೆಕ್ಕವನ್ನು 1933ರಲ್ಲಿ ಕೊಟ್ಟವರು ಮಾರ್ಸೆಲ್ ಮಿನ್ನಾರ್ಟ್ ಎಂಬ ಖಗೋಳವಿಜ್ಞಾನಿ. ಹರಿಯುವ ತೊರೆ ಏಕೆ ಸದ್ದು ಮಾಡುತ್ತದೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಜುಳುಜುಳು ಎನ್ನುವುದು ನೀರಲ್ಲ, ನೀರೊಳಗಿನ ಗುಳ್ಳೆ ಎಂಬುದು ಅವರು ಕಂಡ ಉತ್ತರ. ಒಂದು ಮಿಲಿಮೀಟರ್ ತ್ರಿಜ್ಯದ ಗುಳ್ಳೆ ಸೆಕೆಂಡಿಗೆ ಸುಮಾರು 3,300 ಸಲ ಮಿಡಿಯುತ್ತದೆ. ಗುಳ್ಳೆ ದೊಡ್ಡದಾದಷ್ಟೂ ಸ್ವರ ಇಳಿಯುತ್ತದೆ. 2015ರಲ್ಲಿ ಎರಿನ್ ಪೆಟಿಟ್ ಮತ್ತು ಸಂಗಡಿಗರು ಅಲಾಸ್ಕ ಮತ್ತು ಅಂಟಾರ್ಕ್ಟಿಕದ ಫಿಯೋರ್ಡುಗಳಲ್ಲಿ ನೀರಿನೊಳಗೆ ಮೈಕು ಇಳಿಸಿ ಅಳೆದದ್ದನ್ನು ಪ್ರಕಟಿಸಿದರು. ಸದ್ದು ಅತಿ ಹೆಚ್ಚಿದ್ದದ್ದು ಸೆಕೆಂಡಿಗೆ 1,000ದಿಂದ 3,000 ಕಂಪನಗಳ ನಡುವೆ. ಮಿನ್ನಾರ್ಟರ ಲೆಕ್ಕಕ್ಕೆ ಹಾಕಿದರೆ ಒಂದರಿಂದ ಮೂರು ಮಿಲಿಮೀಟರ್ ತ್ರಿಜ್ಯದ ಗುಳ್ಳೆಗಳು. ಅವರನ್ನು ಬೆರಗಾಗಿಸಿದ್ದು ಆ ಸದ್ದಿನ ಪ್ರಮಾಣ. ಆವರೆಗೆ ಅಳೆದ ಸಹಜ ಸಾಗರ ಪರಿಸರಗಳಲ್ಲೆಲ್ಲ ಅತಿ ಗದ್ದಲದ್ದು ಇದೇ. ಬಿರುಗಾಳಿ ಎದ್ದ ಕಡಲು ಕೂಡ ಇದರ ಮುಂದೆ ಮಂದ.

ಚಿತ್ರಗಳಲ್ಲಿ ಹಿಮದ ನಾಡು ಎಂದರೆ ಮೌನ. ನಾನೂ ಮೌನವನ್ನು ಅರಸಿಯೇ ಹೋಗಿದ್ದೆ.

ಮಂಜುಗಡ್ಡೆಗಳ ನಡುವೆ ಕಪ್ಪು ಕಪ್ಪಾಗಿ ಕಂಡ ಉಂಡೆಗಳು ಸೀಲುಗಳು. ಇಲ್ಲಿಯವು ಹಾರ್ಬರ್ ಸೀಲ್ ಎಂಬ ಜಾತಿಯವು. ಮೇ ಕೊನೆಯಿಂದ ಜೂನ್‌ವರೆಗೆ ತಾಯಿ ಸೀಲುಗಳು ಈ ತೇಲುಗಡ್ಡೆಗಳ ಮೇಲೆಯೇ ಹೆರುತ್ತವೆ. ಮೇ, ಜೂನ್ ಎರಡೂ ತಿಂಗಳು ಈ ಫಿಯೋರ್ಡಿನ ಒಳಭಾಗಕ್ಕೆ ಕಯಾಕನ್ನೂ ಸೇರಿಸಿ ಯಾವ ದೋಣಿಗೂ ಪ್ರವೇಶವಿಲ್ಲ. ನಾವು ಹೋದಾಗ ಮರಿಗಳು ಆಗಲೇ ಹಾಲು ಬಿಟ್ಟಿದ್ದವು. ದೊಡ್ಡವು ಹಳೆ ರೋಮ ಉದುರಿಸಿ ಹೊಸದು ಪಡೆಯುವ ಕಾಲ ಹತ್ತಿರವಾಗಿತ್ತು. ಆಗ ಅವಕ್ಕೆ ನೀರಿನಿಂದ ಹೊರಗೆ, ಒಣಗಿ ಬೆಚ್ಚಗೆ ಬಿದ್ದಿರುವುದು ಬಹಳ ಅಗತ್ಯ. ಅರ್ಧ ಕಿಲೋಮೀಟರ್ ದೂರವಿರುವಾಗಲೇ ಮಾರ್ಗದರ್ಶಿ ಕಯಾಕನ್ನು ನಿಲ್ಲಿಸಿದರು. ನನಗೆ ನಿರಾಸೆಯಾಯಿತು. ಎಂಜಿನ್ ಇಲ್ಲ, ಹೊಗೆ ಇಲ್ಲ, ಸದ್ದಿಲ್ಲ; ಇಷ್ಟು ಸಾಧು ದೋಣಿಯಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದರೆ ಏನಾದೀತು ಎಂದೆ. “ಸದ್ದಿಲ್ಲ ಅನ್ನೋದೇ ತೊಂದರೆ” ಅಂದರು.

ಆ ಮಾತು ಸರಿಯಾಗಿ ಇಳಿಯಲು ನನಗೆ ಎರಡು ದಿನ ಬೇಕಾಯಿತು. ಕಯಾಕ್ ಎಂಬುದು ಇನ್ಯೂಟ್ ಜನರ ಮಾತು. ಅದು ಬೇಟೆಗಾರನ ದೋಣಿ. ತೇಲಿಬಂದ ಮರದ ಅಥವಾ ತಿಮಿಂಗಿಲದ ಎಲುಬಿನ ಹಂದರಕ್ಕೆ ಸೀಲಿನ ಚರ್ಮ ಬಿಗಿದು ಹೊಲಿದು ಮಾಡಿದ್ದು. ಸೀಲಿನ ತೊಗಲು ಹೊದ್ದು, ಸೀಲಿನ ಹತ್ತಿರಕ್ಕೆ ಸದ್ದಿಲ್ಲದೆ ಜಾರಿಹೋಗಲೆಂದೇ ಸಾವಿರಾರು ವರ್ಷ ತಿದ್ದಿತೀಡಿದ ಆಕಾರ ಅದು. ಇದೇ ಕರಾವಳಿಯ ಪಶ್ಚಿಮಕ್ಕೆ, ಅಲ್ಯೂಷಿಯನ್ ದ್ವೀಪಗಳಲ್ಲಿ, ಉನಂಗನ್ ಜನರ ಕಯಾಕುಗಳನ್ನೂ ಅವುಗಳಲ್ಲಿ ಕೂರುವ ಬೇಟೆಗಾರರನ್ನೂ ರಷ್ಯನ್ ತುಪ್ಪಳ ವ್ಯಾಪಾರಿಗಳು ಬಲವಂತದಿಂದ ದುಡಿಸಿಕೊಂಡರು. ಕಡಲ ನೀರುನಾಯಿಗಳು ಈ ತೀರಗಳಿಂದ ಅಳಿಸಿಹೋದದ್ದು ಹಾಗೆ. 1911ರ ಅಂತರರಾಷ್ಟ್ರೀಯ ಒಪ್ಪಂದ ಅವನ್ನು ಕಾಪಾಡುವ ಹೊತ್ತಿಗೆ ಉಳಿದದ್ದು ಬೆರಳೆಣಿಕೆಯ ಗುಂಪುಗಳು. 1960ರ ದಶಕದಲ್ಲಿ ಸುಮಾರು 400 ಪ್ರಾಣಿಗಳನ್ನು ತಂದು ಆಗ್ನೇಯ ಅಲಾಸ್ಕದಲ್ಲಿ ಬಿಟ್ಟರು. 1993ರಲ್ಲಿ ಅವು ಗ್ಲೇಷಿಯರ್ ಬೇಗೆ ಕಾಲಿಟ್ಟವು. 2012ರ ಎಣಿಕೆಯಲ್ಲಿ ಎಂಟು ಸಾವಿರ ದಾಟಿದ್ದವು. ನಾವು ಬರುವ ದಾರಿಯಲ್ಲಿ ಹೊಟ್ಟೆ ಮೇಲಾಗಿ ತೇಲುತ್ತ ಎದೆಯ ಮೇಲೆ ಚಿಪ್ಪು ಕುಟ್ಟುವ ಅವುಗಳ ಟಕಟಕ ಕೇಳುತ್ತಲೇ ಬಂದಿದ್ದೆವು.

ಮತ್ತೆ ಸೀಲಿಗೆ ಬರೋಣ. ಅದು ಮಂಜಿನ ಗಡ್ಡೆಯನ್ನೇ ಏಕೆ ಆರಿಸಿಕೊಂಡಿತು? ತೇಲುವ ಗಡ್ಡೆಗೆ ಕರಡಿ, ತೋಳ ಬರಲಾರವು ಎಂಬುದು ಸುಲಭದ ಉತ್ತರ. ಆದರೆ ಕಡಲಿನಲ್ಲೂ ಒಂದು ಬೇಟೆಗಾರ ಪ್ರಾಣಿಯಿದೆ, ಕೊಲೆಗಾರ ತಿಮಿಂಗಿಲ ಎನ್ನುವ ಓರ್ಕಾ. ಅದರಲ್ಲಿ ಮೀನು ತಿನ್ನುವ ಪಂಗಡ ಬೇರೆ, ಸೀಲು ತಿನ್ನುವ ಪಂಗಡ ಬೇರೆ. ಎರಡೂ ಒಂದೇ ನೀರಿನಲ್ಲಿ ಓಡಾಡಿದರೂ ಮಾತು ಬೇರೆ, ಸಂಬಂಧ ಬೆಳೆಸುವುದಿಲ್ಲ. ಸೀಲು ತಿನ್ನುವವು ಬೇಟೆಯ ಹೊತ್ತಿಗೆ ಉಸಿರು ಬಿಗಿಹಿಡಿದಂತೆ ಸುಮ್ಮನಾಗಿ ಕಿವಿಯಿಂದ ಹುಡುಕುತ್ತವೆ. ಸೀಲಿನ ಕಿವಿಯೂ ಕಡಿಮೆಯದಲ್ಲ. 2002ರಲ್ಲಿ ಫೋಲ್ಕರ್ ಡೀಕೆ ಮತ್ತು ಸಂಗಡಿಗರು ಕೆನಡದ ಕರಾವಳಿಯಲ್ಲಿ ನೀರಿನೊಳಗೆ ಓರ್ಕಾಗಳ ದನಿ ಕೇಳಿಸಿದರು. ಸೀಲು ತಿನ್ನುವವುಗಳ ದನಿಗೆ ಹಾರ್ಬರ್ ಸೀಲುಗಳು ಪರಾರಿ. ಆ ಊರಿನ ಮೀನು ತಿನ್ನುವವುಗಳ ದನಿಗೆ ತಲೆಕೆಡಿಸಿಕೊಳ್ಳಲಿಲ್ಲ. ಎಂದೂ ಕೇಳದ ಪರದೇಶದ ಮೀನು ತಿನ್ನುವವುಗಳ ದನಿ ಹಾಕಿದರೆ ಅದಕ್ಕೂ ಹೆದರಿದವು. ಎಂದರೆ ಮರಿ ಸೀಲು ಎಲ್ಲ ಓರ್ಕಾಕ್ಕೂ ಹೆದರುತ್ತ ಹುಟ್ಟಿ, ಯಾರು ನಿರಪಾಯ ಎಂಬುದನ್ನು ಕೇಳಿ ಕೇಳಿ ಕಲಿಯುತ್ತದೆ. ಈ ಪ್ರಯೋಗ ಓದಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಪ್ರಾಣಿಯ ಮನಸ್ಸಿನೊಳಗೆ ಇಷ್ಟು ಸ್ವಚ್ಛವಾಗಿ ಇಣುಕಿದ ಕೆಲಸಗಳು ಹೆಚ್ಚಿಲ್ಲ.

ಕಿವಿಯಿಂದ ಬೇಟೆಯಾಡುವ ಓರ್ಕಾ ಗುಳ್ಳೆ ಸಿಡಿಯುವ ಫಿಯೋರ್ಡಿಗೆ ಬಂದರೆ? ಸಂತೆಯ ನಡುವೆ ಪಿಸುಮಾತು ಹುಡುಕಿದ ಹಾಗೆ. ಮಂಜಿನ ಗದ್ದಲವೇ ಸೀಲುಗಳಿಗೆ ಮರೆಯಾಗಿರಬಹುದು ಎಂಬುದು ಪೆಟಿಟ್ ತಂಡದ ಊಹೆ. ಊಹೆಯೇ, ಸಾಬೀತಾದದ್ದಲ್ಲ. ಆದರೆ ಹುಟ್ಟಿಗೆ ಕಿವಿಯೊತ್ತಿ ಆ ಮಳೆ ಕೇಳಿದವರಿಗೆ ಅದನ್ನು ನಂಬಬೇಕೆನ್ನಿಸುತ್ತದೆ.

ಇಂಥ ಗದ್ದಲದೊಳಗೆ ಕಯಾಕ್ ಹೇಗೆ ಬರುತ್ತದೆ ಎಂದು ಈಗ ಯೋಚಿಸಿ. ದೊಡ್ಡ ಹಡಗು ದೂರದಿಂದಲೇ ಗುಡುಗುತ್ತ ಬರುತ್ತದೆ. ಅದರಿಂದಲೂ ಸೀಲುಗಳು ನೀರಿಗೆ ಬೀಳುತ್ತವೆ, ಆದರೆ ಬರುವುದು ಗೊತ್ತಾಗಿಯಾದರೂ ಇರುತ್ತದೆ. ಕಯಾಕ್ ಹಾಗಲ್ಲ. ನೀರಿಗೆ ಅಂಟಿದಂತೆ ತಗ್ಗಾಗಿ, ಸದ್ದಿಲ್ಲದೆ, ಗಡ್ಡೆಯ ಮರೆಯಿಂದ ಹಠಾತ್ತನೆ ಕಾಣಿಸಿಕೊಳ್ಳುತ್ತದೆ. ಸೀಲಿನ ಕಣ್ಣಿಗೆ ಅದು ಬೇಟೆಗೆ ಬಂದದ್ದೇ. ಮೊದಲು ಒಂದು ತಲೆ ಏಳುತ್ತದೆ, ಆಮೇಲೆ ನಾಲ್ಕು, ಆಮೇಲೆ ಗಡ್ಡೆಯೇ ಖಾಲಿ. ಒಂದು ಸಲ ನೀರಿಗೆ ಬಿದ್ದರೆ ಮೈಯ ಬಿಸಿ ಹೋಯಿತು, ಕೂಡಿಟ್ಟ ಕೊಬ್ಬು ಕರಗಿತು. ಜೂನ್‌ನಲ್ಲಾದರೆ ತಾಯಿ ಒಂದು ಕಡೆ, ಮರಿ ಒಂದು ಕಡೆ. ಈ ಕೊಲ್ಲಿಯ ಸೀಲುಗಳ ಸಂಖ್ಯೆ 1990ರ ದಶಕದಲ್ಲಿ ತೀವ್ರವಾಗಿ ಕುಸಿದಿತ್ತು. ಅದಕ್ಕೆ ಕಯಾಕು ಕಾರಣವೆಂದಲ್ಲ. ಅಷ್ಟು ನಲುಗಿದ ಬಳಗದ ನಿದ್ದೆ ಕೆಡಿಸುವ ಹಕ್ಕು ನನ್ನ ಫೋಟೋದ ಆಸೆಗೆ ಇಲ್ಲ ಎಂದಷ್ಟೇ ನನ್ನ ಮಾತು. ನಾವು ಬೈನಾಕ್ಯುಲರಿನಲ್ಲಿ ನೋಡುತ್ತ ಕುಳಿತೆವು. ತಲೆಯೆತ್ತಿದ್ದ ಒಂದು ಸೀಲು ನಮ್ಮನ್ನು ಬಹಳ ಹೊತ್ತು ನೋಡಿ ಮತ್ತೆ ಕೆನ್ನೆಯನ್ನು ಮಂಜಿಗೆ ಒರಗಿಸಿತು.

ಆಗಲೇ ಹಿಮನದಿಯ ಮುಖದಿಂದ ಒಂದು ಹಾಳೆ ಕಳಚಿ ಜಾರಿತು. ಸದ್ದೇ ಇಲ್ಲ. ಒಂದು, ಎರಡು, ಮೂರು ಎಂದು ಎಣಿಸುವುದರೊಳಗೆ ನೀರು ಬೆಳ್ಳಗೆ ಎದ್ದಾಗಿತ್ತು. ಆರು ಎನ್ನುವಾಗ ಬಂತು ಗುಡುಗು. ಎರಡು ಕಿಲೋಮೀಟರ್ ದೂರ. ಟ್ಲಿಂಗಿಟ್ ಜನ ಇದನ್ನು ಬಿಳಿ ಗುಡುಗು ಎನ್ನುತ್ತಾರೆ. ವಿಜ್ಞಾನಿಗಳು ಹಸು ಕರು ಹಾಕುವುದಕ್ಕಿರುವ ಮಾತನ್ನೇ ಇದಕ್ಕೂ ಬಳಸುತ್ತಾರೆ, ಕನ್ನಡದಲ್ಲೂ ‘ಹಿಮನದಿ ಈಯಿತು’ ಎಂದರೆ ಚೆನ್ನಾಗಿಯೇ ಒಪ್ಪುತ್ತದೆ. ಈದ ಜಾಗದಲ್ಲಿ ಬೆಳಗಿದ್ದು ಕಡುನೀಲಿ. ಗಾಳಿ ಕಡಿಮೆಯಿರುವ ದಟ್ಟ ಮಂಜು ಬೆಳಕಿನ ಕೆಂಪನ್ನು ಹೀರಿ ನೀಲಿಯನ್ನು ಉಳಿಸುತ್ತದೆ. ಹಿಮನದಿಯ ಬುಡದಿಂದ ನುಗ್ಗುವ ಕರಗುನೀರು ಉಪ್ಪುನೀರಿಗಿಂತ ಹಗುರ. ಅದು ಗೋಡೆಗುಂಟ ಮೇಲೇಳುವಾಗ ಆಳದ ಸಣ್ಣ ಜೀವಿಗಳನ್ನೂ ಎತ್ತಿ ತರುತ್ತದೆ. ಅದಕ್ಕೇ ಅಷ್ಟು ಅಪಾಯದ ಜಾಗದಲ್ಲಿ ಕಿಟಿವೇಕ್ ಹಕ್ಕಿಗಳು ಮುತ್ತಿಕೊಂಡಿರುತ್ತವೆ. ಅಲೆ ನಮ್ಮನ್ನು ತಲುಪುವಾಗ ಉದ್ದನೆಯ ಉಸಿರಿನಂತೆ ತಗ್ಗಿತ್ತು. ಕಯಾಕಿನ ಮೂತಿಯನ್ನು ಅದಕ್ಕೆದುರಾಗಿ ತಿರುಗಿಸಿದೆವು, ಏರಿದೆವು, ಇಳಿದೆವು. ದಡದ ಆಳವಿಲ್ಲದ ನೀರಿನಲ್ಲಿದ್ದಿದ್ದರೆ ಅದೇ ಅಲೆ ಮುರಿದು ಬೀಳುತ್ತಿತ್ತು. ಈ ಕೊಲ್ಲಿಯನ್ನು ಒಳಗೊಂಡ ರಾಷ್ಟ್ರೀಯ ಉದ್ಯಾನದ ಹೊರ ಕರೆಯಲ್ಲಿರುವ ಲಿಟುಯಾ ಕೊಲ್ಲಿಯಲ್ಲಿ 1958ರ ಜುಲೈ 9ರ ರಾತ್ರಿ ಭೂಕಂಪಕ್ಕೆ ಬಂಡೆರಾಶಿ ಕುಸಿದು ನೀರು ಎದುರಿನ ಗುಡ್ಡದ ಮೇಲೆ 524 ಮೀಟರ್ ಎತ್ತರದವರೆಗೆ ಏರಿ ಕಾಡನ್ನೇ ಬೋಳಿಸಿತ್ತು.

ಸೀಲುಗಳನ್ನು ನೋಡಿದ ದಿನ ರಾತ್ರಿ ನಮ್ಮದು ದಡದಲ್ಲಿ ಬಿಡಾರ. ಅಡುಗೆ, ಊಟ ಎಲ್ಲ ಉಬ್ಬರದ ಗೆರೆಗಿಂತ ಕೆಳಗೆ. ಕರಡಿಗಳ ನಾಡು, ಅನ್ನದ ವಾಸನೆಯನ್ನು ಕಡಲೇ ಬಂದು ತೊಳೆಯಬೇಕು. ಕಯಾಕನ್ನು ಮಾತ್ರ ಬಹಳ ಮೇಲಕ್ಕೆ ಹೊತ್ತೆವು. ಇಲ್ಲಿ ಉಬ್ಬರ ಇಳಿತಗಳ ಅಂತರ ದೊಡ್ಡ ದಿನಗಳಲ್ಲಿ ಏಳು ಮೀಟರ್ ದಾಟುತ್ತದೆ. ಕಾರವಾರ, ಮಲ್ಪೆಯ ಕಡಲನ್ನು ನೋಡಿ ಬೆಳೆದ ಕಣ್ಣಿಗೆ ಸಂಜೆಯ ವಿಶಾಲ ಬೀಚು ಮಧ್ಯರಾತ್ರಿಗೆ ಮಾಯವಾಗುವುದು ನಂಬಲಾಗದ ಸಂಗತಿ. ನೆಲವೂ ಸುಮ್ಮನಿಲ್ಲ. ಮಂಜಿನ ಭಾರ ಇಳಿದ ಮೇಲೆ ಅದು ಒತ್ತಿ ಬಿಟ್ಟ ಹಾಸಿಗೆಯಂತೆ, ಕೊಲ್ಲಿಯ ಮೇಲ್ಭಾಗದಲ್ಲಿ ವರ್ಷಕ್ಕೆ ಸುಮಾರು ಮೂರು ಸೆಂಟಿಮೀಟರ್ ಮೇಲೇಳುತ್ತಿದೆ.

ಮರುದಿನ ಹಡಗು ನಮ್ಮನ್ನು ಹತ್ತಿಸಿಕೊಂಡು ಕೊಲ್ಲಿಯ ನಡುಭಾಗಕ್ಕೆ ಬಂದಾಗ ಹಂಪ್‌ಬ್ಯಾಕ್ ತಿಮಿಂಗಿಲಗಳ ಉಸಿರು ಕಂಡಿತು. ಚಳಿಗಾಲವನ್ನು ಹವಾಯಿಯಲ್ಲಿ ಉಪವಾಸದಲ್ಲೇ ಕಳೆದು, ಮರಿ ಹಾಕಿ, ಉಣ್ಣಲೆಂದು ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಈಜಿ ಬಂದವು. (ನಮ್ಮ ಅರಬ್ಬಿ ಕಡಲಿನಲ್ಲೂ ಇದೇ ಜಾತಿಯ ಒಂದು ಸಣ್ಣ ಬಳಗವಿದೆ. ನೂರಕ್ಕೂ ಕಡಿಮೆ ಎಂಬ ಅಂದಾಜು. ಅವು ಎಂದೂ ತಣ್ಣೀರಿನ ನಾಡಿಗೆ ಹೋಗವು. ಮನೆಯ ಪಕ್ಕದ ಆ ಬಳಗದ ಬಗ್ಗೆ ನಮಗೆ ಇಷ್ಟು ಕಡಿಮೆ ಗೊತ್ತಿರುವುದು ನನಗೆ ನೋವಿನ ವಿಷಯ.) ಇಲ್ಲಿಯವು ಒಂದನ್ನೊಂದು ಕರೆಯಲು ‘ಹ್ವಪ್’ ಎಂದು ಗಂಟಲಿನಿಂದ ಒಂದು ಸದ್ದು ಮಾಡುತ್ತವೆ. ಮಿಶೆಲ್ ಫೂರ್ನೆ ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುತ್ತಲ ಸದ್ದು ಏರಿದಂತೆ ಅವು ದನಿ ಏರಿಸುತ್ತವೆ, ಆದರೆ ಪೂರ್ತಿ ಸರಿಗಟ್ಟುವುದಿಲ್ಲ. ಹಡಗಿನ ಸದ್ದು ಹೆಚ್ಚಿದಾಗ ಮಾತೇ ಕಡಿಮೆಯಾಗುತ್ತದೆ. ಇಲ್ಲಿ ದಿನಕ್ಕೆ ಎರಡೇ ಪ್ರವಾಸಿ ಮಹಾನೌಕೆಗಳಿಗೆ ಅನುಮತಿ. ತಿಮಿಂಗಿಲಗಳಿರುವ ನೀರಿನಲ್ಲಿ ವೇಗಕ್ಕೂ ಮಿತಿ. ಬಾರ್ಟ್‌ಲೆಟ್ ಕೋವ್‌ನಲ್ಲಿ ‘ಸ್ನೋ’ ಎಂಬ ಹೆಸರಿನ ತಿಮಿಂಗಿಲದ ಇಡೀ ಎಲುಬುಗೂಡನ್ನು ನಿಲ್ಲಿಸಿದ್ದಾರೆ. 2001ರಲ್ಲಿ ಹಡಗು ಬಡಿದು ಸತ್ತ ಗರ್ಭಿಣಿ ಅದು. 2020ರ ಬೇಸಿಗೆಯಲ್ಲಿ ಕೊರೋನಾದಿಂದಾಗಿ ಮಹಾನೌಕೆಗಳು ಬರಲೇ ಇಲ್ಲ. ನೀರೊಳಗಿನ ಮೈಕುಗಳು ದಾಖಲಿಸಿದ ಸದ್ದು ಇಳಿದಿತ್ತು.

ಒಂದು ವಿಷಯ ನೇರವಾಗಿ ಹೇಳಬೇಕು. ಈ ಕೊಲ್ಲಿಯ ಇನ್ನೂರು ವರ್ಷದ ಹಿನ್ಸರಿತವನ್ನೆಲ್ಲ ನಾವು ಸುಟ್ಟ ಕಲ್ಲಿದ್ದಲು, ಪೆಟ್ರೋಲಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಅದು ಶುರುವಾದದ್ದು ಹೊಗೆಯ ಕಾಲಕ್ಕೆ ಮೊದಲು. ಕಡಲಿಗೆ ಇಳಿದ ಹಿಮನದಿ ತಾನೇ ತಳ್ಳಿ ತಂದ ಕಲ್ಲುಮಣ್ಣಿನ ದಿಬ್ಬಕ್ಕೆ ಒರಗಿ ನಿಲ್ಲುತ್ತದೆ. ದಿಬ್ಬದಿಂದ ಒಮ್ಮೆ ಹಿಂದೆ ಜಾರಿದರೆ ಆಳದ ನೀರು ಅದನ್ನು ಬೇಗಬೇಗ ಮುರಿಯುತ್ತದೆ. ಜಾನ್ಸ್ ಹಾಪ್ಕಿನ್ಸ್ ಹಿಮನದಿ 1920ರ ದಶಕದ ಕೊನೆಯಿಂದ ಮುಂದೆ ಬಂದದ್ದೇ ಹೆಚ್ಚು. ಅದಕ್ಕೆ ಮೇಲೆ ಎತ್ತರದ ಬೆಟ್ಟಗಳಲ್ಲಿ ಹಿಮದ ಉಣಿಸು ಇದೆ, ಕೆಳಗೆ ದಿಬ್ಬದ ಆಸರೆ ಇದೆ. ಆದರೆ ಅಲಾಸ್ಕದ ಒಟ್ಟು ಮಂಜು ಈಗ ಕರಗುತ್ತಿರುವ ವೇಗಕ್ಕೆ ಕಾರಣ ನಾವೇ. ಎರಡು ಮಾತೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಸುಳ್ಳಾಗುತ್ತದೆ.

ಕೊನೆಯ ದಿನ ಪೂರ್ವದ ಕವಲಿಗೆ ಹೋದೆವು, ಮ್ಯೂರ್ ಫಿಯೋರ್ಡಿಗೆ. 1941ರಲ್ಲಿ ಹಿಮನದಿ ತಜ್ಞ ವಿಲಿಯಂ ಫೀಲ್ಡ್ ಇಲ್ಲಿ ತೆಗೆದ ಚಿತ್ರದ ತುಂಬ ಮಂಜು. 2004ರಲ್ಲಿ ಭೂವಿಜ್ಞಾನಿ ಬ್ರೂಸ್ ಮೋಲ್ನಿಯಾ ಅದೇ ಜಾಗದಲ್ಲಿ ನಿಂತು ತೆಗೆದ ಚಿತ್ರದಲ್ಲಿ ನೀರು, ಹಸಿರು. ಆ ನಡುವೆ ಮ್ಯೂರ್ ಹಿಮನದಿ ಸುಮಾರು 12 ಕಿಲೋಮೀಟರ್ ಹಿಂದೆ ಹೋಗಿ, 800 ಮೀಟರಿಗೂ ಹೆಚ್ಚು ತೆಳುವಾಗಿತ್ತು. 1990ರ ದಶಕದಲ್ಲಿ ಅದು ಕಡಲನ್ನು ಬಿಟ್ಟು ನೆಲಕ್ಕೆ ಹತ್ತಿತು. ನೆಲದ ಹಿಮನದಿ ಗಡ್ಡೆ ಈಯುವುದಿಲ್ಲ. ಗಡ್ಡೆಯಿಲ್ಲದ ಮೇಲೆ, ಒಂದು ಕಾಲದಲ್ಲಿ ಅಲ್ಲಿ ಗುಂಪುಗುಂಪಾಗಿ ಹೆರುತ್ತಿದ್ದ ಸೀಲುಗಳೂ ಹೋದವು. ದಡದಲ್ಲಿ ಆಲ್ಡರ್ ಪೊದೆಗಳು ಹೆಣೆದುಕೊಂಡಿದ್ದವು. ಬರಿಯ ಕಲ್ಲುನೆಲಕ್ಕೆ ಸಾರಜನಕ ಕೂಡಿಸುವ ಗಿಡ ಅದು. ಅದರ ಹಿಂದೆಯೇ ಸ್ಪ್ರೂಸ್ ಮರಗಳು ತಲೆಯೆತ್ತಿದ್ದವು. ಎಲೆಗಳ ನಡುವೆ ಎಲ್ಲೋ ಒಂದು ಹಕ್ಕಿ ಹಾಡುತ್ತಿತ್ತು.

ಕಯಾಕನ್ನು ನಡುನೀರಿನಲ್ಲಿ ನಿಲ್ಲಿಸಿ ಹುಟ್ಟನ್ನು ಅದ್ದಿದೆ, ತುದಿಯನ್ನು ಕಿವಿಯ ಹಿಂದೆ ಒತ್ತಿಕೊಂಡೆ. ದೂರದಲ್ಲಿ ಯಾವುದೋ ತೊರೆ ಜಲ್ಲಿ ಉರುಳಿಸುವ ಸದ್ದು. ಹುಟ್ಟಿನಿಂದ ಜಾರಿದ ಒಂದು ಹನಿ. ಉಸಿರು ಹಿಡಿದು ಕಾದೆ. ಆಮೇಲೆ ಹುಟ್ಟನ್ನು ಎತ್ತಿ, ಕಯಾಕಿನ ಇನ್ನೊಂದು ಮಗ್ಗುಲಿಗೆ ಅದ್ದಿ ನೋಡಿದೆ.